ಮೇಲುಕೋಟೆಗೆ ಹೋದರೆ ಬೆಟ್ಟ ಮೊದಲು

ಮೇಲುಕೋಟೆಗೆ ಬರುವವರ ಲೆಕ್ಕ ತಪ್ಪುವುದು ಹೊತ್ತಿನ ವಿಷಯದಲ್ಲಿ. ಮೈಸೂರಿನಿಂದ ಸುಮಾರು 50 ಕಿ.ಮೀ. ತಾನೇ ಎಂದು ನಿಧಾನವಾಗಿ ಹೊರಡುತ್ತಾರೆ. ಹನ್ನೊಂದಕ್ಕೆ ತಲುಪಿ, ಊರೊಳಗಿನ ಚೆಲುವನಾರಾಯಣನ ದರ್ಶನ ಮುಗಿಸಿ ಬೆಟ್ಟದ ಬುಡಕ್ಕೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತದೆ. ಮಧ್ಯಾಹ್ನ ಒಂದರ ಸುಮಾರಿಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಸಂಜೆಗೇ. ಹಾಗಾಗಿ ನನ್ನ ಕ್ರಮ ಹೀಗೆ: ಎಂಟೂವರೆಗೆಲ್ಲ ಕಲ್ಯಾಣಿ, ಅಲ್ಲಿಂದ ಯೋಗಾನರಸಿಂಹನ ಬೆಟ್ಟ, ಇಳಿದ ಮೇಲೆ ಚೆಲುವನಾರಾಯಣ. ಮೈಸೂರಿನಿಂದ ಪಾಂಡವಪುರ, ಜಕ್ಕನಹಳ್ಳಿ ದಾರಿ. ಬೆಂಗಳೂರಿನವರಿಗೆ ಬೆಳ್ಳೂರು ಕ್ರಾಸ್, ನಾಗಮಂಗಲದ ಮೇಲೆ ಬರುವುದೂ ಅನುಕೂಲ.

ಕಲ್ಯಾಣಿಯಲ್ಲಿ ಕಾಲು ತೊಳೆಯಲು ಇಳಿಯುವಾಗ ನೀರಿಗೆ ತಾಗಿದ ಕಡೆಯ ಎರಡು ಮೆಟ್ಟಿಲು ಪಾಚಿ ಕಟ್ಟಿರುತ್ತವೆ. ಒಣಗಿದ ಮೆಟ್ಟಿಲ ಮೇಲೆ ಕೂತು ಬಗ್ಗಿ ನೀರು ತೆಗೆದುಕೊಳ್ಳಿ. ವಯಸ್ಸಾದವರನ್ನಂತೂ ಕೆಳಗೆ ಇಳಿಸಬೇಡಿ.

ಬೆಟ್ಟಕ್ಕೆ 300ಕ್ಕೂ ಹೆಚ್ಚು ಮೆಟ್ಟಿಲು. ಮಂಡಿನೋವಿನವರಿಗೆ ಅರ್ಧದವರೆಗೆ ವಾಹನದ ದಾರಿ ಇದೆ, ಆದರೂ ಮೇಲಿನ ಮೆಟ್ಟಿಲು ತಪ್ಪುವುದಿಲ್ಲ. ಹತ್ತೂವರೆ ದಾಟಿದರೆ ಕಲ್ಲು ಕಾಯತೊಡಗುತ್ತದೆ. ಚಪ್ಪಲಿ ಕೆಳಗೇ ಬಿಟ್ಟು ಹೋದವರು ಇಳಿಯುವಾಗ ನೆರಳಿಗೆ ಓಡುವುದು ಇದಕ್ಕೇ. ಇನ್ನು ಕೋತಿಗಳು. ಅವು ಮೊದಲು ನೋಡುವುದು ಪ್ಲಾಸ್ಟಿಕ್ ಕವರನ್ನು, ಅದರ ಸದ್ದೇ ಅವಕ್ಕೆ ಕರೆ. ಹಣ್ಣುಕಾಯಿಯನ್ನು ಬಾಯಿ ಕಟ್ಟಿದ ಬಟ್ಟೆ ಚೀಲದಲ್ಲಿ ಇಟ್ಟು, ಚೀಲವನ್ನು ಬೆನ್ನಿಗೆ ಹಾಕದೆ ಎದೆಯ ಮುಂದೆ ಹಿಡಿಯಿರಿ. ಕಿತ್ತುಕೊಂಡರೆ ಬಿಟ್ಟುಬಿಡಿ, ಜಗ್ಗಾಡಿದರೆ ಕಚ್ಚುತ್ತವೆ.

ಚೆಲುವನಾರಾಯಣನ ಗುಡಿಯಲ್ಲಿ ನೈವೇದ್ಯಕ್ಕೆ ತೆರೆ ಹಾಕಿದರೆ ಬೇಸರಪಡಬೇಕಿಲ್ಲ. ಆ ಹೊತ್ತು ಅಮ್ಮನವರಾದ ಯದುಗಿರಿ ನಾಯಕಿಯ ಸನ್ನಿಧಿಗೂ ರಾಮಾನುಜರ ಸನ್ನಿಧಿಗೂ ಹೋಗಿ. ಕಂಬಗಳನ್ನು ದೂರದಿಂದ ನೋಡಿ ಮುಂದೆ ಹೋಗುವವರೇ ಜಾಸ್ತಿ. ಒಂದೇ ಕಂಬದ ಮುಂದೆ ನಿಂತು ಬುಡದಿಂದ ತುದಿಯ ಬೋದಿಗೆಯವರೆಗೆ ಕಣ್ಣಾಡಿಸಿ, ಕೆತ್ತನೆ ಎಷ್ಟು ಸಣ್ಣದು ಎಂಬುದು ಆಗ ತಿಳಿಯುತ್ತದೆ. ಗರ್ಭಗುಡಿಯಲ್ಲಿರುವ ಮೂಲಮೂರ್ತಿ ತಿರುನಾರಾಯಣ. ಉತ್ಸವಕ್ಕೆ ಹೊರಡುವವನು ಚೆಲುವಪಿಳ್ಳೆ. ಅರ್ಚನೆ ಮಾಡಿಸುವಾಗ ಇಬ್ಬರನ್ನೂ ಗುರುತಿಸಿ ನೋಡಿ. ನಾಮ ಇಡುವವರು ಇಲ್ಲಿಯ ಬಿಳಿ ಮಣ್ಣಿನ ಉಂಡೆ ಕೊಂಡುಕೊಳ್ಳಬಹುದು, ಅದು ಇದೇ ಊರಿನ ನೆಲದ್ದು.

ಊಟಕ್ಕೆ ಪುಳಿಯೋಗರೆ, ಸಕ್ಕರೆ ಪೊಂಗಲ್. ಗೊಜ್ಜು ಮನೆಗೆ ಒಯ್ಯುವುದಾದರೆ ಮೇಲೆ ಎಣ್ಣೆ ತೇಲುತ್ತಿರುವುದನ್ನೇ ಆರಿಸಿ, ಎಣ್ಣೆ ಕಡಿಮೆಯಾದದ್ದು ಬೇಗ ಬೂಸರು ಹಿಡಿಯುತ್ತದೆ. ಒಂದು ಪಾವು ಅಕ್ಕಿಯ ಅನ್ನಕ್ಕೆ ಮೂರು ದೊಡ್ಡ ಚಮಚ ಸಾಕು. ಅನ್ನ ಉದುರುದುರಾಗಿರಲಿ. ತಟ್ಟೆಯಲ್ಲಿ ಹರಡಿ, ಎಳ್ಳೆಣ್ಣೆ ಸವರಿ, ಪೂರ್ತಿ ಆರಿದ ಮೇಲೆ ಕಲಸಿ. ಬಿಸಿಯಲ್ಲಿ ಕಲಸಿದರೆ ಮುದ್ದೆಯಾಗುತ್ತದೆ. ಕಲಸಿದ ಅರ್ಧ ಗಂಟೆಯ ನಂತರವೇ ಉಪ್ಪು, ಹುಳಿ ಅನ್ನಕ್ಕೆ ಹಿಡಿಯುವುದು.

ಬಾಗಿಲು ಹಾಕಿದ ಮಧ್ಯಾಹ್ನಕ್ಕೆ ರಾಯಗೋಪುರ, ಅಕ್ಕತಂಗಿ ಕೊಳ ಸರಿಹೋಗುತ್ತವೆ. ಗೋಪುರ ಕಟ್ಟಡ ಮುಗಿಯದೆ ನಿಂತದ್ದು, ಎತ್ತರದ ಕಂಬಗಳಷ್ಟೇ ಇವೆ. ಪಾಂಡವಪುರದ ಕಡೆ ವಾಪಸಾಗುವವರು ದಾರಿಯಿಂದ ಸ್ವಲ್ಪ ಒಳಗಿರುವ ತೊಣ್ಣೂರನ್ನು ಬಿಡಬೇಡಿ. ನಂಬಿನಾರಾಯಣನ ಗುಡಿಯಲ್ಲಿ ಜನ ಕಡಿಮೆ. ಬಾಗಿಲು ಮುಚ್ಚಿದ್ದರೆ ಅರ್ಚಕರು ಯಾವಾಗ ಬರುತ್ತಾರೆಂದು ಊರವರನ್ನು ಕೇಳಿ. ಹಿಂದೆ ತಿರುಮಲಸಾಗರ ಎನಿಸಿದ್ದ ತೊಣ್ಣೂರು ಕೆರೆಯ ನೀರು ತಿಳಿಯಾಗಿ ಕಾಣುವುದರಿಂದ ಆಳ ಗೊತ್ತಾಗುವುದಿಲ್ಲ, ಈಜಲು ಇಳಿಯಬೇಡಿ.

ಫಾಲ್ಗುಣದ ಪುಷ್ಯ ನಕ್ಷತ್ರದಂದು, ಅಂದರೆ ಮಾರ್ಚ್-ಏಪ್ರಿಲ್‌ನಲ್ಲಿ ಬರುವ ವೈರಮುಡಿಗೆ, ಎಂದರೆ ಚೆಲುವಪಿಳ್ಳೆಗೆ ವಜ್ರದ ಕಿರೀಟ ತೊಡಿಸುವ ಉತ್ಸವಕ್ಕೆ, ಈ ಕ್ರಮ ಯಾವುದೂ ನಡೆಯದು. ಕಿರೀಟ ಮಂಡ್ಯದ ಖಜಾನೆಯಿಂದ ಹೊರಟು ಸಂಜೆಗೆ ಊರು ಸೇರುತ್ತದೆ. ಹಗಲ ಬೆಳಕು ತಾಗಬಾರದೆಂಬ ನಿಯಮದಿಂದ ಧಾರಣೆ ರಾತ್ರಿಯೇ. ಗರುಡನ ಮೇಲೆ ಕೂತ ಚೆಲುವಪಿಳ್ಳೆ ಬೆಳಗಿನ ಜಾವದ ತನಕ ಬೀದಿಯಲ್ಲಿರುತ್ತಾನೆ. ಆ ದಿನ ಮಧ್ಯಾಹ್ನವೇ ಬಂದು, ಗುಡಿಯ ಮುಂದಿನ ನೂಕಿಗೆ ಸಿಗದೆ, ಬೀದಿಯ ಮುಂದಿನ ತಿರುವಿನಲ್ಲಿ ಜಗುಲಿಯೊಂದನ್ನು ಹಿಡಿದು ಕೂರಿ. ಗುಂಪು ತೆಳುವಾಗುವುದು ನಡುರಾತ್ರಿಯ ಮೇಲೆ. ಮಕ್ಕಳಿದ್ದವರು ಅಲ್ಲಿಯವರೆಗೆ ಮಲಗಿಸಲು ಒಂದು ಜಮಖಾನ ತನ್ನಿ.