ಪುಸ್ತಕಕ್ಕಿಂತ ಮೊದಲು ದನಿ ಆರಿಸಿಕೊಳ್ಳಿ: ಆಡಿಯೋ ಪುಸ್ತಕ ಕೇಳುವವರಿಗೆ

ಎರಡು ವರ್ಷದ ಹಿಂದೆ ಒಂದು ಕಾದಂಬರಿಯನ್ನು ಆಡಿಯೋದಲ್ಲಿ ಕೇಳೋಕೆ ಶುರು ಮಾಡಿ ಮೂರನೇ ಅಧ್ಯಾಯಕ್ಕೇ ಬಿಟ್ಟೆ. ಕತೆ ಚೆನ್ನಾಗಿಲ್ಲ ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡೂ ಬಂದೆ. ಆಮೇಲೆ ಊರಿಗೆ ಹೋದಾಗ ಅದೇ ಪುಸ್ತಕ ಅಣ್ಣನ ಕಪಾಟಿನಲ್ಲಿ ಸಿಕ್ಕಿತು. ಹೊರಗೆ ಮಳೆ, ಕರೆಂಟಿಲ್ಲ, ಫೋನಿನಲ್ಲಿ ಚಾರ್ಜಿಲ್ಲ, ಸರಿ ಅಂತ ಸುಮ್ನೆ ಕೈಗೆತ್ತಿಕೊಂಡವಳು ಎರಡೇ ದಿನದಲ್ಲಿ ಮುಗಿಸಿದೆ. ಕತೆಯಲ್ಲಿ ಏನೂ ತಪ್ಪಿರಲಿಲ್ಲ. ಆಡಿಯೋದಲ್ಲಿ ಓದಿದವರು ಸಾವಿನ ಸುದ್ದಿ ಬರುವ ಜಾಗವನ್ನೂ ಬಸ್ಸಿಗೆ ಕಾಯುವ ಜಾಗವನ್ನೂ ಒಂದೇ ಥರ, ವಾರ್ತೆ ಓದಿದ ಹಾಗೆ ಓದಿದ್ದರು, ಅಷ್ಟೇ.

ಅವತ್ತಿನಿಂದ ನಾನು ಮೊದಲು ದನಿ ನೋಡ್ತೀನಿ, ಆಮೇಲೆ ಪುಸ್ತಕ.

ಮಾದರಿ ಕೇಳಿ, ಆದರೆ ಸರಿಯಾದ ಜಾಗದಲ್ಲಿ

ಮೈಲ್ಯಾಂಗ್, ಸ್ಟೋರಿಟೆಲ್ ಥರದ ಆ್ಯಪ್‌ಗಳಲ್ಲಿ ಕನ್ನಡದ ಆಡಿಯೋ ಪುಸ್ತಕಗಳು ಬಂದಿವೆ. ದುಡ್ಡು ಕೊಡುವ ಮೊದಲು ಸ್ವಲ್ಪ ಕೇಳಿ ನೋಡುವ ಅವಕಾಶ ಇದ್ದರೆ ಬಿಡಬೇಡಿ. ಆದರೆ ಮೊದಲ ನಿಮಿಷ ಕೇಳಿ ತೀರ್ಮಾನ ಮಾಡಬೇಡಿ. ಮೊದಲ ನಿಮಿಷದಲ್ಲಿ ಎಲ್ಲರೂ ಚೆನ್ನಾಗಿಯೇ ಓದುತ್ತಾರೆ. ಇಬ್ಬರು ಮಾತಾಡುವ ಜಾಗ ಹುಡುಕಿ. ಅಲ್ಲಿ ಬಣ್ಣ ಬಯಲಾಗುತ್ತದೆ.

ಇನ್ನೊಂದು ವಿಷಯ. ನೀವು ನಿಜವಾಗಿ ಎಲ್ಲಿ ಕೇಳುತ್ತೀರೋ ಅಲ್ಲೇ ಪರೀಕ್ಷೆ ಮಾಡಿ. ನಾನು ಪಾತ್ರೆ ತೊಳೆಯುವಾಗ ಕೇಳುವವಳು, ಹಾಗಾಗಿ ನಲ್ಲಿ ಬಿಟ್ಟುಕೊಂಡೇ ಮಾದರಿ ಕೇಳುತ್ತೇನೆ. ಹಾಸಿಗೆಯ ಮೇಲೆ ಮಲಗಿ ಕೇಳಿದಾಗ ಹಿತವಾಗಿದ್ದ ಎಷ್ಟೋ ಮೆಲುದನಿಗಳು ನಲ್ಲಿ ನೀರಿನಲ್ಲಿ ಕೊಚ್ಚಿಕೊಂಡು ಹೋಗಿವೆ.

ವಾಕ್ಯದ ಬಾಲ ಕೇಳಿಸುತ್ತಾ ನೋಡಿ

ಕನ್ನಡದಲ್ಲಿ ಕೇಳುವವರಿಗೆ ಇದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ನಮ್ಮ ವಾಕ್ಯದ ಜೀವ ಇರುವುದು ಕೊನೆಯಲ್ಲಿ. ಬಂದದ್ದು ಗಂಡಸೋ ಹೆಂಗಸೋ, ಒಬ್ಬರೋ ನಾಲ್ವರೋ, ಬಂದರೋ ಬರಲಿಲ್ಲವೋ, ಎಲ್ಲ ಕ್ರಿಯಾಪದದ ಬಾಲದಲ್ಲೇ ಕೂತಿರುತ್ತದೆ. ‘ಆ ರಾತ್ರಿ ಅವನು ಮನೆಗೆ ಬಂದಿರಲಿಲ್ಲ’ ಅನ್ನುವುದರಲ್ಲಿ ಓದುವವರು ಉಸಿರು ಸಾಲದೆ ಆ ‘ಇರಲಿಲ್ಲ’ವನ್ನು ನುಂಗಿದರೆ ಪತ್ತೇದಾರಿ ಕತೆಯ ಗತಿ ಏನಾಗಬೇಕು ಹೇಳಿ! ಸುಸ್ತಾದವರು, ಅವಸರ ಇರುವವರು ವಾಕ್ಯದ ಕೊನೆಗೆ ಬರುತ್ತಿದ್ದ ಹಾಗೆ ದನಿ ಇಳಿಸಿಬಿಡುತ್ತಾರೆ. ನೀವು ಮತ್ತೆ ಮತ್ತೆ ಹದಿನೈದು ಸೆಕೆಂಡು ಹಿಂದಕ್ಕೆ ಹೋಗುತ್ತಿದ್ದರೆ ನಿಮ್ಮ ಗಮನ ಸರಿ ಇಲ್ಲ ಅಂದುಕೊಳ್ಳಬೇಡಿ. ಬಾಲ ಕೇಳಿಸುತ್ತಿಲ್ಲ, ಅದಕ್ಕೇ.

ಸಂಭಾಷಣೆಯಲ್ಲೂ ಇದೇ ಕತೆ. ‘ನಾಳೆಯಿಂದ ನೀನು ಈ ಮನೆಗೆ ಬರಬೇಡ, ಎಂದರು ಅತ್ತೆ’ ಅಂತ ಪುಟದಲ್ಲಿದ್ದರೆ ಕಣ್ಣು ‘ಅತ್ತೆ’ಯನ್ನು ಮೊದಲೇ ನೋಡಿಕೊಂಡು ಬಿಡುತ್ತದೆ. ಕಿವಿಗೆ ಆ ಸೌಕರ್ಯ ಇಲ್ಲ. ಮಾತೆಲ್ಲ ಮುಗಿದ ಮೇಲೆ ಓಹ್ ಅತ್ತೆ ಹೇಳಿದ್ದಾ ಅಂತ ಗೊತ್ತಾದರೆ ಏನು ಪ್ರಯೋಜನ? ಚೆನ್ನಾಗಿ ಓದಿ ಹೇಳುವವರು ಮೊದಲ ಪದದಲ್ಲೇ ಅತ್ತೆಯನ್ನು ಕರೆತರುತ್ತಾರೆ. ಅದಕ್ಕೆ ದನಿ ಬದಲಾಯಿಸಲೇಬೇಕು ಅಂತಿಲ್ಲ. ಗಂಡಸರು ಕೀರಲು ದನಿಯಲ್ಲಿ ಹೆಣ್ಣು ಪಾತ್ರ ಓದುವುದನ್ನು ಕೇಳಿದ್ದೀರಲ್ವಾ? ನನಗಂತೂ ಅಳುವ ಜಾಗದಲ್ಲಿ ನಗು ಬರುತ್ತದೆ. ಮಾತಿನ ವೇಗ ಸ್ವಲ್ಪ ಬದಲಾದರೆ, ಮೊದಲು ಒಂದು ಕ್ಷಣ ನಿಂತರೆ ಸಾಕು.

ಪ್ರಾಂತ್ಯದ ಮಾತು ಇರುವ ಪುಸ್ತಕವಾದರೆ ಆ ಕಡೆಯವರೇ ಓದಿದ್ದಾರಾ ಅಂತ ನೋಡಿ. ಪ್ರತಿ ಪದಕ್ಕೂ ಒಂದೊಂದು ‘ರೀ’ ಅಂಟಿಸಿದರೆ ಅದು ಧಾರವಾಡ ಆಗುವುದಿಲ್ಲ. ನಟನೆ ಬರದಿದ್ದರೆ ತಮ್ಮ ದನಿಯಲ್ಲೇ ನೇರವಾಗಿ ಓದಿದವರನ್ನು ನಾನು ಕ್ಷಮಿಸುತ್ತೇನೆ, ಸುಳ್ಳು ಮಂಡ್ಯ, ಸುಳ್ಳು ಮಂಗಳೂರು ಮಾಡುವವರನ್ನಲ್ಲ.

ಇದೆಲ್ಲ ನಮಗೆ ಹೊಸದೇನಲ್ಲ

ಕಿವಿಯಿಂದ ಕತೆ ಕೇಳುವುದು ಫೋನ್ ಕಲಿಸಿದ ಚಾಳಿ ಅಲ್ಲ. ಗಮಕ ಅಂದರೆ ಮತ್ತೇನು? ಒಬ್ಬರು ಕುಮಾರವ್ಯಾಸ ಭಾರತದ ಷಟ್ಪದಿಯನ್ನು ರಾಗವಾಗಿ ವಾಚನ ಮಾಡುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ಕೂತು ಅರ್ಥ ಬಿಡಿಸಿ ಹೇಳುತ್ತಾರೆ. ಶಿವಮೊಗ್ಗದ ಹತ್ತಿರ ತುಂಗೆಯ ದಡದಲ್ಲಿರುವ ಹೊಸಹಳ್ಳಿ ಇದಕ್ಕೇ ಹೆಸರುವಾಸಿ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದರು, ‘ಆಕಾಶವಾಣಿ’ ಅನ್ನುವ ಹೆಸರು ಅಲ್ಲಿಂದ ಬಂದದ್ದು. ಆಮೇಲೆ ರೇಡಿಯೋ ನಾಟಕ, ಗಮಕ ಎಲ್ಲ ಮನೆಮನೆಗೆ ಬಂತು.

ಕಿವಿಗೆ ತಾಲೀಮು ಬೇಕು ಅನ್ನಿಸಿದರೆ ಒಂದು ಗಮಕ ವಾಚನ ಹುಡುಕಿ ಕೇಳಿ. ಒಳ್ಳೆಯ ಗಮಕಿಗಳು ರಾಗಕ್ಕಾಗಿ ಪದ ಮುರಿಯುವುದಿಲ್ಲ, ಅರ್ಥ ಎಲ್ಲಿ ಮುಗಿಯುತ್ತದೋ ಅಲ್ಲಿ ನಿಲ್ಲಿಸುತ್ತಾರೆ. ಹಳಗಾಲದ ಪದಗಳು ಅರ್ಧ ಗೊತ್ತಾಗದಿದ್ದರೂ ಯುದ್ಧ ಯಾವುದು, ಗೋಳಾಟ ಯಾವುದು ಅಂತ ತಿಳಿಯುತ್ತದೆ. ಆಮೇಲೆ ನಿಮ್ಮ ಕಾದಂಬರಿಗೆ ವಾಪಸ್ ಬನ್ನಿ, ಓದುವವರು ಎಲ್ಲಿ ಸುಮ್ಮನಾಗುತ್ತಾರೆ ಅನ್ನುವುದು ತಾನಾಗಿ ಕೇಳಿಸತೊಡಗುತ್ತದೆ.

ಒಂದು ದನಿಯೋ, ಹತ್ತು ದನಿಯೋ

ಮೊದಲ ಸಲ ಕೇಳುವವರಾದರೆ ‘ನಾನು’ ಅಂತ ಹೇಳಿಕೊಂಡು ಹೋಗುವ ಕತೆ ಆರಿಸಿ, ಒಬ್ಬರೇ ಓದಿದ್ದು. ಆತ್ಮಕಥೆ, ಪ್ರಬಂಧ, ಸಣ್ಣ ಕತೆ ಇವೆಲ್ಲ ಸಲೀಸು. ಮೂರು ತಲೆಮಾರು, ಇಪ್ಪತ್ತು ಪಾತ್ರ ಇರುವ ದೊಡ್ಡ ಕಾದಂಬರಿಗೆ ಮೊದಲೇ ಕೈಹಾಕಿದರೆ ಯಾರು ಯಾರ ಮಗ ಅನ್ನುವುದರಲ್ಲೇ ತಲೆ ಕೆಡುತ್ತದೆ. ಹಾಗೆ ಕೇಳಲೇಬೇಕು ಅಂದರೆ ಒಂದು ಚೀಟಿಯಲ್ಲಿ ಹೆಸರು ಬರೆದಿಟ್ಟುಕೊಳ್ಳಿ, ನಾಚಿಕೆ ಏನಿಲ್ಲ.

ಹಿನ್ನೆಲೆ ಸಂಗೀತ, ಬಾಗಿಲು ಕಿರ್ ಅನ್ನುವ ಸದ್ದು ಎಲ್ಲ ಹಾಕಿದವೂ ಇವೆ. ಅದು ನಾಟಕ, ಅದರ ಮಜಾ ಬೇರೆ. ಕಾದಂಬರಿಗೆ ಮಾತ್ರ ನನಗೆ ಅದು ಸೇರಲ್ಲ. ಮಳೆ ಬರುತ್ತಿತ್ತು ಅಂತ ಬರೆದವರು ಚೆನ್ನಾಗಿ ಬರೆದಿರುವಾಗ ಮೇಲಿಂದ ಮಳೆ ಸದ್ದು ಯಾಕೆ?

ಯಂತ್ರದ ದನಿಯೂ ಈಗ ಸಾಕಷ್ಟು ಸುಧಾರಿಸಿದೆ. ಲೇಖನ, ಸುದ್ದಿ ಕೇಳಲು ನಾನೂ ಬಳಸುತ್ತೇನೆ. ಆದರೆ ಕತೆಯಲ್ಲಿ ಹೆಂಡತಿ ‘ಆಯ್ತು ಬಿಡಿ’ ಅಂದಳು ಅಂತಿಟ್ಟುಕೊಳ್ಳಿ. ಅದು ಒಪ್ಪಿಗೆಯೋ, ಬೇಸರವೋ, ಇನ್ನು ಮೂರು ದಿನ ಮಾತಿಲ್ಲ ಅಂತಲೋ? ಮದುವೆಯಾದವರಿಗೆ ಗೊತ್ತು, ಯಂತ್ರಕ್ಕೆ ಇನ್ನೂ ಅಷ್ಟು ಗೊತ್ತಿಲ್ಲ.

ವೇಗ, ಹೊತ್ತು, ಕೈಕೆಲಸ

ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿದೆ, ನನಗೆ ಒಂದು ಪುಟಕ್ಕೆ ಸುಮಾರು 2 ನಿಮಿಷ ಹಿಡಿಯಿತು. ಅಂದರೆ 200 ಪುಟಕ್ಕೆ 6 ಗಂಟೆ 40 ನಿಮಿಷ. ವೇಗವನ್ನು 1.25ಕ್ಕೆ ಏರಿಸಿದರೆ 5 ಗಂಟೆ 20 ನಿಮಿಷ. ಉಳಿಯುವುದು ಒಂದು ಗಂಟೆ ಇಪ್ಪತ್ತು ನಿಮಿಷ ನಿಜ, ಆದರೆ ಕಳೆದುಹೋಗುವುದು ಓದುವವರು ಬೇಕಂತಲೇ ಬಿಟ್ಟ ಮೌನ. ಮಾಹಿತಿ ಪುಸ್ತಕಕ್ಕೆ ಏರಿಸಿ, ತೊಂದರೆ ಇಲ್ಲ. ಕತೆಗೆ ಬೇಡ. ತೀರಾ ಎಳೆಯುತ್ತಿದ್ದಾರೆ ಅನ್ನಿಸಿದರೆ 1.1 ಮಾಡಿ ನೋಡಿ.

ಕೈಗೆ ಕೆಲಸ ಇರಬೇಕು, ತಲೆಗೆ ಇರಬಾರದು. ಅವರೆಕಾಳು ಹಿತುಕುವುದು, ಬಟ್ಟೆ ಮಡಚುವುದು, ಮೆಟ್ರೋದಲ್ಲಿ ನಿಂತುಕೊಂಡು ಹೋಗುವುದು, ಸಂಜೆ ವಾಕಿಂಗ್, ಇವೆಲ್ಲ ಸರಿ. ಮೇಲ್ ಓದುತ್ತಾ, ವಾಟ್ಸಾಪ್‌ಗೆ ಉತ್ತರ ಕೊಡುತ್ತಾ ಕತೆ ಕೇಳಲು ಆಗಲ್ಲ, ಎರಡೂ ಕಡೆ ಪದಗಳೇ ಆದರೆ ಒಂದು ಸೋಲಲೇಬೇಕು. ಕುಕ್ಕರ್ ಕೂಗು ಎಣಿಸುವಾಗಲೂ ಬೇಡ. ನಾಯಕಿ ರೈಲು ಹತ್ತುವ ಹೊತ್ತಿಗೆ ನಮ್ಮ ಮನೆಯ ಬೇಳೆ ಎರಡು ಸಲ ಗಂಜಿಯಾಗಿದೆ. ರಸ್ತೆಯಲ್ಲಾದರೆ ಒಂದೇ ಕಿವಿಗೆ ಇಯರ್‌ಫೋನ್ ಹಾಕಿ, ಗಾಡಿ ಓಡಿಸುವಾಗ ಅದೂ ಬೇಡ.

ರಾತ್ರಿ ಕೇಳುವವರು, ಹೇಳಿದ ಹೊತ್ತಿಗೆ ಆಡಿಯೋ ತಾನಾಗಿ ನಿಲ್ಲಿಸುವ ಸ್ಲೀಪ್ ಟೈಮರನ್ನು 15 ನಿಮಿಷಕ್ಕೆ ಇಡಿ. ಬೆಳಿಗ್ಗೆ ನೆನಪಿರುವ ಜಾಗದಿಂದಲ್ಲ, ಅದಕ್ಕಿಂತ ಐದು ನಿಮಿಷ ಹಿಂದಿನಿಂದ ಶುರು ಮಾಡಿ.

ಇನ್ನು, ಮನೆಯಲ್ಲಿ ಕಣ್ಣು ಮಂಜಾದ ಹಿರಿಯರಿದ್ದರೆ ಅವರಿಗೂ ಹಾಕಿಕೊಡಿ, ಇಯರ್‌ಫೋನ್ ಬೇಡ, ಚಿಕ್ಕ ಸ್ಪೀಕರ್ ಸಾಕು. ನಮ್ಮಮ್ಮನಿಗೆ ಮೊದಲ ದಿನ ಹಾಕಿಕೊಟ್ಟು ಪೇಟೆಗೆ ಹೋಗಿದ್ದೆ. ವಾಪಸ್ ಬಂದು ಹೇಗಿತ್ತಮ್ಮಾ ಅಂದರೆ, ‘ಕತೆ ಚೆನ್ನಾಗಿದೆ ಕಣೇ, ಆ ಹುಡುಗನಿಗೆ ಯಾಕೆ ಅಷ್ಟು ಅವಸರ, ಬಸ್ಸು ತಪ್ಪುತ್ತಾ?’ ಅಂದರು. ಹಿಂದಿನ ದಿನ ನಾನು ಒಂದು ಮಾಹಿತಿ ಪುಸ್ತಕಕ್ಕೆ ಅಂತ ಇಟ್ಟಿದ್ದ 1.5 ವೇಗ ಹಾಗೇ ಉಳಿದಿತ್ತು. ಫೋನ್ ಕೈಗೆ ಕೊಡುವ ಮೊದಲು ಅದೊಂದು ನೋಡಿಕೊಳ್ಳಿ.