ಮುದಿ ನಾಯಿಯ ಗಡ್ಡೆ: ಕತ್ತರಿಗಿಂತ ಮೊದಲು ಸೂಜಿ

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ ಕಡೆಯ ತೋಟದ ಮನೆಗಳಲ್ಲಿ ವಯಸ್ಸಾದ ನಾಯಿಗೆ ಗಡ್ಡೆ ಕಂಡರೆ "ಪ್ರಾಯ ಆಯಿತಲ್ಲ" ಎಂದು ಬಿಟ್ಟುಬಿಡುತ್ತಾರೆ, ಇಲ್ಲವೇ ಸುಣ್ಣ, ಅರಸಿನ ಹಚ್ಚುತ್ತಾರೆ. ಸುಣ್ಣದಿಂದ ಸುಡುವುದು ಚರ್ಮ ಮಾತ್ರ. ಒಳಗಿನ ಗಡ್ಡೆ ಬೆಳೆಯುತ್ತಲೇ ಇರುತ್ತದೆ.

1. ಪಕ್ಕದಲ್ಲಿ ಸ್ಕೇಲು ಹಿಡಿದು ಫೋಟೋ ತೆಗೆಯಿರಿ, ದಿನಾಂಕ ಬರೆದಿಡಿ. ಹಿಂಡಬೇಡಿ.

2. ಪರೀಕ್ಷೆ ಮಾಡಿಸಿ. ಎಡವುವುದೆಲ್ಲ ಇಲ್ಲೇ. ಬರೀ ಕೈಯಲ್ಲಿ ಮುಟ್ಟಿ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಯಾರೂ ಖಚಿತವಾಗಿ ಹೇಳಲಾರರು. ಮೃಗಾಸ್ಪತ್ರೆಯಲ್ಲಿ ಸಣ್ಣ ಸೂಜಿಯಿಂದ ಜೀವಕೋಶ ತೆಗೆದು ಗಾಜಿನ ಪಟ್ಟಿಗೆ ಸವರುತ್ತಾರೆ. ಹೆಚ್ಚಿನ ನಾಯಿಗಳಿಗೆ ಅರಿವಳಿಕೆಯೂ ಬೇಡ. ಬರೀ ಕೊಬ್ಬಿನ ಗಡ್ಡೆಯಾದರೆ ನಿಶ್ಚಿಂತೆ. ಜನನಾಂಗದಲ್ಲಿ ಹೂಕೋಸಿನಂತೆ ಬೆಳೆದು ರಕ್ತ ಒಸರುವುದು ನಾಯಿಯಿಂದ ನಾಯಿಗೆ ಹರಡುವ ಟಿವಿಟಿ ಎಂಬ ಕ್ಯಾನ್ಸರ್ ಇರಬಹುದು. ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು ಕೊಟ್ಟರೆ ಹೆಚ್ಚಿನವು ವಾಸಿಯಾಗುತ್ತವೆ. ಹೆಣ್ಣು ನಾಯಿಯ ಮೊಲೆಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಕ್ಯಾನ್ಸರ್. ಆದರೆ ಅಲ್ಲಿ ಸೂಜಿಯೊಂದನ್ನೇ ನಂಬುವಂತಿಲ್ಲ: ರೋಗ ಹರಡಿದೆಯೇ ಎಂದು ನೋಡಲು ಮೊದಲು ಶ್ವಾಸಕೋಶದ ಎಕ್ಸ್‌ರೇ, ಆಮೇಲೆ ಶಸ್ತ್ರಚಿಕಿತ್ಸೆ.

ತೆಗೆದ ಗಡ್ಡೆಯನ್ನು ಎಸೆಯಲು ದಯವಿಟ್ಟು ಬಿಡಬೇಡಿ. ಅಂಚಿನಲ್ಲಿ ರೋಗ ಉಳಿದಿದೆಯೇ ಎಂಬುದು ಅದರ ಪರೀಕ್ಷೆಯಿಂದಲೇ ತಿಳಿಯಬೇಕು. ಅಗಲ ಬಾಯಿಯ ಡಬ್ಬಿಯಲ್ಲಿ, ಗಡ್ಡೆಯ ಹತ್ತು ಪಟ್ಟು 10% ಫಾರ್ಮಲಿನ್‌ನಲ್ಲಿ (ಮಾದರಿ ಕೊಳೆಯದಂತೆ ಕಾಪಾಡುವ ದ್ರಾವಣ) ಅದು ಮುಳುಗಿರಬೇಕು. ಕಿರಿದಾದ ಬಾಟಲಿ ಬೇಡ, ಗಟ್ಟಿಯಾದ ಮೇಲೆ ಹೊರಗೆ ಬಾರದು. ಫ್ರೀಜರ್‌ನಲ್ಲಿ ಇಟ್ಟರೆ ಜೀವಕೋಶ ಒಡೆಯುತ್ತದೆ. ಗಾಜಿನ ಪಟ್ಟಿಗಳನ್ನು ಫಾರ್ಮಲಿನ್ ಡಬ್ಬಿಯ ಜೊತೆ ಒಂದೇ ಚೀಲದಲ್ಲಿ ಹಾಕಲೇಬೇಡಿ. ಅದರ ಆವಿಗೇ ಪಟ್ಟಿ ಕೆಡುತ್ತದೆ. ಪಶುವೈದ್ಯ ಕಾಲೇಜುಗಳು ಕೇರಳದಲ್ಲಿ ಮಣ್ಣುತ್ತಿ ಮತ್ತು ಪೂಕೋಡಿನಲ್ಲಿವೆ. ಮಾದರಿಯನ್ನು ಎಲ್ಲಿಗೆ ಕಳುಹಿಸುತ್ತಾರೆಂದು ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರನ್ನು ಕೇಳಿ.

3. ನೋವಿಗೆ ಮನೆಯ ಮಾತ್ರೆ ಕೊಡಬೇಡಿ. ಇಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಕ್ಯಾನ್ಸರ್ ಕರಗಿಸುತ್ತದೆಂದು ಮಾರುವ ಪುಡಿಗಳಿಗೆ ಹಣ ಹಾಕುವ ಬದಲು ವೈದ್ಯರು ಬರೆದ ನೋವಿನ ಔಷಧಿ ತನ್ನಿ. ಮಳೆಗಾಲದಲ್ಲಿ ಒಡೆದ ಗಡ್ಡೆಗೆ ನೊಣ ಕೂತರೆ ಹುಳುವಾಗುತ್ತದೆ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆದು, ಒರೆಸಿ, ತೆಳುಬಟ್ಟೆ ಕಟ್ಟಿ ನಾಯಿಯನ್ನು ಒಣ ಜಗುಲಿಯಲ್ಲಿ ಮಲಗಿಸಿ. ಹಸಿ ಗಾಯಕ್ಕೆ ಟರ್ಪೆಂಟೈನ್ ಸುರಿಯುವುದು ಹಿಂಸೆ.

4. ತಿಂದಿತೇ, ತಾನಾಗಿ ಎದ್ದಿತೇ, ಕರೆದರೆ ಬಂದಿತೇ ಎಂದು ದಿನವೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೆಟ್ಟ ದಿನಗಳೇ ಹೆಚ್ಚಾದಾಗ ದಯಾಮರಣದ ಬಗ್ಗೆ ವೈದ್ಯರೊಡನೆ ಮಾತನಾಡಿ. ಮೊದಲು ಮಂಪರು ಬರುವ ಔಷಧಿ ಕೊಡುವಂತೆ ಕೇಳಿ.

ಮನೆಯಲ್ಲಿ ಹೆಣ್ಣು ಮರಿಯಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಸಮಯವನ್ನು ಈಗಲೇ ವಿಚಾರಿಸಿ. ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಮೊಲೆಗಡ್ಡೆಯ ಸಂಭವ ಬಹಳ ಕಡಿಮೆ.