ಹಳೇ ಹೋಂಡಾ ಮಂಕಿ ಕೊಳ್ಳುವ ಮುಂಚೆ ಹಿಂದಿನ ಚಕ್ರ ನೋಡಿ

ಹೋಂಡಾ ಝಡ್50, ಅಂದರೆ ಮಂಕಿ ಎಂಬ ಪುಟ್ಟ ಬೈಕ್, ಹುಡುಕುತ್ತಿರುವವರೇ, ಮಾರುವವರು ಹೇಳುವ ಇಸವಿ ನಂಬಿ ದುಡ್ಡು ಕೊಡಬೇಡಿ. ಬಗ್ಗಿ ಹಿಂದಿನ ಚಕ್ರ ನೋಡಿ. ಶಾಕ್ ಅಬ್ಸಾರ್ಬರ್ ಇಲ್ಲದೆ ನೇರ ಫ್ರೇಮಿಗೇ ಕೂತಿದ್ದರೆ ಹಳೇ ಮಾದರಿ. ಅಮೆರಿಕಕ್ಕೆ ಹೋದ ಗಾಡಿಗಳಲ್ಲಿ 1972ರ ಕೆ3 ಮಾದರಿಯಿಂದ ಹಿಂದಿನ ಚಕ್ರಕ್ಕೂ ಶಾಕ್ ಬಂತು. 5 ಇಂಚಿನ ಪುಟಾಣಿ ಚಕ್ರ, ಮಡಚುವ ಹ್ಯಾಂಡಲ್ ಎರಡೂ ಇದ್ದರೆ 1967ರಲ್ಲಿ ಬಂದ ಝಡ್50ಎಂ ಇರಬಹುದು, ಸಿಕ್ಕರೆ ಪುಣ್ಯ! (1961ರಲ್ಲಿ ಜಪಾನಿನ ಟಾಮಾ ಟೆಕ್ ಪಾರ್ಕಿನ ಮಕ್ಕಳಿಗೆಂದು ಮಾಡಿದ ಝಡ್100 ಇದರ ಪೂರ್ವಜ.)

ಆಮೇಲೆ ಸ್ಟೀರಿಂಗ್ ಹೆಡ್ (ಹ್ಯಾಂಡಲ್ ಕೂರುವ ಫ್ರೇಮಿನ ಮುಂಭಾಗ) ಮೇಲಿನ ಫ್ರೇಮ್ ನಂಬರ್ ನೋಡಿ. ಹೊಸ ಪೇಂಟ್ ದಪ್ಪಗಿದ್ದರೆ ಅಂಕಿ ಮುಚ್ಚಿಹೋಗಿರುತ್ತದೆ, ಟಾರ್ಚ್ ಓರೆಯಾಗಿ ಹಿಡಿದು ಓದಿ. ಎಂಜಿನ್ ನಂಬರನ್ನೂ ಬಿಡಬೇಡಿ: 49 ಸಿಸಿ ತೆಗೆದು ಚೀನಾದ 110 ಅಥವಾ 125 ಸಿಸಿ ಕೂರಿಸಿದ ಗಾಡಿಗಳು ಬಹಳ. ಓಡಿಸೋಕೆ ಚೆನ್ನ, ಆದರೆ ಅದಕ್ಕೆ ಒರಿಜಿನಲ್ ಬೆಲೆ ಕೊಡಬೇಡಿ.